ಅಪ್ಪ ಕೊಟ್ಟ ತಿಮಿಂಗಿಲದ ಹಲ್ಲು

ಜುಲೈ 11, ಗುರುವಾರ

ಬೆಳಿಗ್ಗೆ ಸಮುದ್ರದ ಕಟ್ಟೆಯ ಮೇಲೆ ಓಟ. ಎಡ ಮೊಣಕಾಲು ಮತ್ತೆ ತಕರಾರು. ರಗ್ಬಿ ರೆಫರಿಯ ಬಿಳಿ ಸಾಕ್ಸ್ ಒಗೆದು ಹಾಕಿದೆ. ಹೆಂಡತಿ ಲವೇನಿಯ ನೋಡಿ ನಕ್ಕಳು. ಮದುವೆಯಾದಾಗಿನಿಂದ ಗಂಡ ಒಗೆದ ಬಟ್ಟೆ ಎಂದರೆ ಇದೊಂದೇ ಅಂತೆ. ಸುಳ್ಳಲ್ಲ.

ಅಂಗಡಿಯಲ್ಲಿದ್ದಾಗ ಪೆನಾಯ ಅವರ ಫೋನ್. ರೆಫರಿಗಳಿಗೆ ಪಂದ್ಯ ಹಂಚುವವರು ಅವರೇ. ಶನಿವಾರದ ಸೆಮಿಫೈನಲ್‌ಗೆ ಹಾಕಿದ್ದವನಿಗೆ ಡೆಂಗಿ. ನಾನು ಹೋಗಬೇಕಂತೆ. ವಾಯ್ತುಲು ಮತ್ತು ನಾಲೋಮ ಊರುಗಳ ತಂಡ.

"ಸರ್, ವಾಯ್ತುಲು ನಮ್ಮಮ್ಮನ ತವರು. ಟೀಮ್ ಮ್ಯಾನೇಜರ್ ನನ್ನ ಸೋದರಮಾವ."

"ಈ ಪ್ರಾಂತ್ಯದಲ್ಲಿ ಯಾರಿಗೆ ಯಾರು ನೆಂಟ್ರಲ್ಲಪ್ಪಾ? ಅದೆಲ್ಲಾ ನೋಡ್ತಾ ಕೂತ್ರೆ ರೆಫರಿನ ಚೀನಾದಿಂದ ತರಿಸ್ಬೇಕು. ನೆಟ್ಟಗೆ ಮಾಡು ಲಿವಾಯ್. ಫೈನಲ್ಲೂ ನಿಂಗೇ ಕೊಡೋ ಯೋಚನೆ ಇದೆ."

ಫೈನಲ್! ಎಷ್ಟು ವರ್ಷದಿಂದ ಕಾಯುತ್ತಿದ್ದೇನೆ ಈ ಮಾತಿಗೆ. ಗಿರಾಕಿ ಕೇಳಿದ ಹಗ್ಗಕ್ಕಿಂತ ಎರಡು ಮೊಳ ಹೆಚ್ಚು ಕತ್ತರಿಸಿಬಿಟ್ಟೆ. ಧಣಿ ಹಸ್ಮುಖ್‌ಭಾಯಿ ನೋಡಲಿಲ್ಲ, ಪುಣ್ಯ.

ಜುಲೈ 13, ಶನಿವಾರ, ಸಂಜೆ

ಮನೆ ಸೇರಿದೆ. ಆಂಬುಲೆನ್ಸ್‌ನಲ್ಲಿ. ಪೆಟ್ಟಾಗಿಲ್ಲ... ಬೇರೆ ಯಾವ ಗಾಡಿಗೂ ಜನ ದಾರಿ ಬಿಡಲಿಲ್ಲ.

ನಡೆದದ್ದನ್ನು ಇವತ್ತೇ ಬರೆದಿಡುತ್ತೇನೆ. ನಾಳೆಗೆ ನೂರು ಜನ ನೂರು ಥರ ಹೇಳುತ್ತಾರೆ. ಕೊನೆಯ ನಿಮಿಷ. ನಾಲೋಮ ಮೂರು ಅಂಕ ಮುಂದೆ. ವಾಯ್ತುಲುವಿನ ಸಾಕೆಯಾಸಿ — ಟೀಮ್ ಮ್ಯಾನೇಜರ್ ಎರೋನಿ ಮಾವನ ಮಗ, ನನಗೆ ಭಾವನಾಗಬೇಕು — ಚೆಂಡು ಹಿಡಿದು ಮೂಲೆಯ ಬಾವುಟದ ಹತ್ತಿರ ಹಾರಿದ. ಗೆರೆಯಾಚೆ ನೆಲಕ್ಕೆ ಒತ್ತಿದ್ದರೆ ಟ್ರೈ, ಐದು ಅಂಕ, ಅವರೇ ಫೈನಲ್‌ಗೆ. ಒತ್ತಲಿಲ್ಲ. ನೆಲಕ್ಕೆ ಇನ್ನೂ ಒಂದು ಗೇಣು ಇರುವಾಗಲೇ ಚೆಂಡು ಕೈಜಾರಿ ಮುಂದಕ್ಕೆ ಬಿತ್ತು. ಆಮೇಲೆ ಅವನು ಅದರ ಮೇಲೆ ಬಿದ್ದ. ನಾನು ಪಕ್ಕದಲ್ಲೇ ಇದ್ದೆ. ಕಣ್ಣಾರೆ ಕಂಡೆ. ವಿಷಲ್ ಊದಿ ಟ್ರೈ ಇಲ್ಲ ಎಂದು ಕೈ ತೋರಿಸಿದೆ.

ಆಮೇಲೆ ಬಾಟಲಿ, ತೆಂಗಿನ ಸಿಪ್ಪೆ, ಯಾರದೋ ಚಪ್ಪಲಿ. ಬೆನ್ನಿಗೆ ಬಿದ್ದ ನೀರಿನ ಬಾಟಲಿ ಎಸೆದದ್ದು ವಾಸಿತಿ ಚಿಕ್ಕಮ್ಮ. ಅಮ್ಮನ ದೊಡ್ಡಪ್ಪನ ಮಗಳು, ಮಾರ್ಕೆಟ್ಟಿನಲ್ಲಿ ಮೀನು ಮಾರುವವಳು, ನನ್ನನ್ನು ಎತ್ತಿ ಆಡಿಸಿದವಳು. ತುಂಬಿದ ಬಾಟಲಿ.

ಎರೋನಿ ಮಾವ ಗೆರೆಯ ಹತ್ತಿರ ನಿಂತು ಎಲ್ಲರಿಗೂ ಕೇಳುವಂತೆ ಅಂದ: "ಅಳಿಯಾ, ನಮ್ಮನೆ ಕೋಳಿ ಎತ್ಕೊಂಡು ಹೋದೆ, ಹಂದಿ ಎತ್ಕೊಂಡು ಹೋದೆ, ದೋಣಿ ಇಂಜಿನ್ನೂ ಎತ್ಕೊಂಡು ಹೋದೆ. ಒಂದು ಮಾತು ಕೇಳಿದ್ವಾ? ಈಗ ಟ್ರೈನೂ ಎತ್ಕೊಂಡು ಹೋಗ್ತೀಯಾ?"

ಸೋದರಳಿಯ ಮಾವನ ಮನೆಯಲ್ಲಿ ಕಣ್ಣಿಗೆ ಬಿದ್ದದ್ದನ್ನು ಒಯ್ಯಬಹುದು, ಯಾರೂ ಕೇಳುವಂತಿಲ್ಲ. ನಮ್ಮಲ್ಲಿ ಹಾಗೆ. ನಾನೂ ಕಡಿಮೆ ತಂದವನಲ್ಲ. ಹೊಡೆಯಲು ಬಂದವರೆಲ್ಲ ಹೊಟ್ಟೆ ಹಿಡಿದು ನಕ್ಕರು, ನಕ್ಕು ಮತ್ತೆ ಹೊಡೆಯಲು ಬಂದರು.

ಜುಲೈ 14, ಭಾನುವಾರ

ಚರ್ಚ್. ನಮ್ಮ ಬೆಂಚಿನಲ್ಲಿ ನಾನು ಮತ್ತು ಲವೇನಿಯ, ಇಬ್ಬರೇ. ಹಿಂದಿನ ಬೆಂಚಿನಲ್ಲಿ ಉಸಿರಾಡಲೂ ಜಾಗವಿಲ್ಲದಂತೆ ಒತ್ತಿಕೊಂಡು ಕೂತಿದ್ದರು. ಪಾದ್ರಿ ಕುರುಡನಿಗೆ ದೃಷ್ಟಿ ಬಂದ ಅಧ್ಯಾಯ ಓದಿದರು. ಯಾರೋ ಕೆಮ್ಮಿದರು. ಬೇಕೆಂದೇ.

ಅಪ್ಪ ಮುಂದಿನ ಸಾಲಿನಲ್ಲಿ. ಕುಲಕ್ಕೆ ಹಿರಿಯರು, ಅವರ ಜಾಗ ಅದು. ತಿರುಗಿ ನೋಡಲಿಲ್ಲ. ಆಮೇಲೂ ಮಾತಿಲ್ಲ. ಪುರುಸೊತ್ತು ಸಿಗಲಿಲ್ಲವೇನೋ.

ಜುಲೈ 16, ಮಂಗಳವಾರ

ಅಂಗಡಿ ತುಂಬ ಜನ, ವ್ಯಾಪಾರ ಸೊನ್ನೆ. ಎಲ್ಲರೂ ನನ್ನ ಮುಖ ನೋಡಲು ಬಂದವರು. ಒಬ್ಬ ಕೌಂಟರಿನ ಮೇಲೆ ಹಳೆಯ ಕನ್ನಡಕ ಇಟ್ಟು ಹೋದ. ಇನ್ನೊಬ್ಬ ಬಿಳಿ ಬಣ್ಣದ ಡಬ್ಬ ಎತ್ತಿ, "ಇದ್ಯಾವ ಬಣ್ಣ ಹೇಳು ನೋಡೋಣ" ಅಂದ.

ಹಸ್ಮುಖ್‌ಭಾಯಿ ಒಳಗೆ ಕರೆದರು. "ಲಿವಾಯ್, ನಂಗೆ ರಗ್ಬಿ ತಿಳಿಯಲ್ಲ. ಔಟಾ, ನಾಟ್‌ಔಟಾ, ಅಷ್ಟು ಹೇಳು."

"ಔಟ್, ಭಾಯಿ."

"ಖಂಡಿತ?"

"ಖಂಡಿತ."

"ಸರಿ. ಒಂದೆರಡು ವಾರ ಗೋಡೌನಲ್ಲಿರು. ನಿನ್ನ ಮೇಲೆ ಅನುಮಾನ ಅಲ್ಲ, ಗಾಜಿನ ಬಾಗಿಲು ಹೊಸದು."

ನಿಜವಾಗಿ ಏನಾಯಿತು ಎಂದು ಇಷ್ಟು ದಿನದಲ್ಲಿ ಕೇಳಿದವರು ಅವರೊಬ್ಬರೇ. ಲವೇನಿಯ ಕೇಳಿಲ್ಲ, ಮನೆ ಸೇರಿದಾಗ ನಾನು ಹೇಳಿದ್ದೇ ಅವಳಿಗೆ ಸಾಕು.

ಜುಲೈ 19, ಶುಕ್ರವಾರ

ಫೇಸ್‌ಬುಕ್‌ನಲ್ಲಿ ವಿಡಿಯೋ. ಆಚೆ ಬದಿಯಿಂದ ತೆಗೆದದ್ದು. ಅದರಲ್ಲಿ ಕಾಣುವುದು ನಾಲ್ಕಾರು ಬೆನ್ನು, ಒಂದು ಕೊಡೆ. ಚೆಂಡಂತೂ ಕಾಣುವುದೇ ಇಲ್ಲ. ಆದರೂ ಊರಿಗೆ ಊರೇ ಅದರಲ್ಲಿ ಟ್ರೈ ನೋಡಿದೆ. ಕತ್ತೆಗೆ ಬಿಳಿ ಸಾಕ್ಸ್ ಹಾಕಿದ ಚಿತ್ರವೂ ಬಂದಿದೆ, ಕೆಳಗೆ ನನ್ನ ಹೆಸರು. ಲವೇನಿಯಳ ಸ್ವಂತ ಅಕ್ಕ ಅದಕ್ಕೆ ಲೈಕ್ ಒತ್ತಿದ್ದಾಳೆ.

ಲವೇನಿಯ ಅಕ್ಕನಿಗೆ ಫೋನ್ ಮಾಡಿದಳು. "ನನ್ನ ಗಂಡ ಸೋಮಾರಿ ಅನ್ನು, ಒಪ್ಕೋತೀನಿ. ಗೊರಕೆ ಹೊಡೀತಾನೆ ಅನ್ನು, ಅದೂ ನಿಜ. ಸುಳ್ಳ ಅಂದ್ರೆ ಮಾತ್ರ ನನ್ನ ಮನೆ ಮೆಟ್ಲು ಹತ್ಬೇಡ." ಫೋನ್ ಇಟ್ಟು ಅತ್ತಳು. ಚರ್ಚಿನ ಹೆಂಗಸರ ಗುಂಪಿಗೂ ಹೋಗುವುದಿಲ್ಲವಂತೆ. ಇವಳಿಲ್ಲದಿದ್ದರೆ ನಾನು ಏನಾಗುತ್ತಿದ್ದೆನೋ.

ಜುಲೈ 21, ಭಾನುವಾರ

ಅಮ್ಮ ನಿನ್ನೆ ತವರಿಗೆ ಹೋಗಿದ್ದಳಂತೆ, ಮಗುವೊಂದರ ನಾಮಕರಣಕ್ಕೆ. ಯಾರೂ ಚಾಪೆ ಹಾಸಲಿಲ್ಲ. ಹುಟ್ಟಿದ ಮನೆಯ ಬಾಗಿಲಲ್ಲಿ ನಿಂತೇ ಇದ್ದು, ಕೊನೆಗೆ ಮಡಕೆ ತೊಳೆಯುವವರ ಜೊತೆ ಹಿತ್ತಲಲ್ಲಿ ಕೂತು ಬಂದಳಂತೆ. ಇದನ್ನು ಹೇಳುತ್ತ ನನ್ನ ತಲೆ ಸವರಿದಳು, ತಪ್ಪು ತನ್ನದೇ ಎಂಬಂತೆ. ಅಪ್ಪ ಎದ್ದು ಒಳಗೆ ಹೋದರು.

ಜುಲೈ 24

ಬರೆಯುವಂಥದ್ದೇನಿಲ್ಲ. ಗೋಡೌನ್. ಸಿಮೆಂಟ್ ಧೂಳು. ಪೆನಾಯ ಅವರಿಂದ ಮೆಸೇಜ್ — "ಫೈನಲ್ ನಿಂದೇ. ತಲೆ ಎತ್ತಿ ನಡಿ." ಹತ್ತು ಸಲ ಓದಿದೆ.

ಜುಲೈ 27, ಶನಿವಾರ, ಮಧ್ಯಾಹ್ನ

ಮಾರ್ಕೆಟ್ಟಿನ ಬದಿಯಿಂದ ತಲೆ ತಗ್ಗಿಸಿ ದಾಟುತ್ತಿದ್ದೆ. "ಲಿವಾಯ್" ಎಂದು ಕೂಗಿದಳು ವಾಸಿತಿ ಚಿಕ್ಕಮ್ಮ. ಏನು ಎಸೆಯುತ್ತಾಳೋ ಎಂದು ನಿಂತೆ. ಬಳ್ಳಿಯಲ್ಲಿ ಪೋಣಿಸಿದ ಮೀನು ತಂದು ಕೈಗಿಟ್ಟಳು. ಒಳ್ಳೆಯ ಮೀನು.

"ತಗೋ ಮಗಾ. ಎಲ್ಲಾ ಮರ್ತಿದ್ದೀವಿ. ನಿಮ್ಮಪ್ಪ ಬಂದ್ರಲ್ಲ, ಇನ್ನೇನಿದೆ. ಮನುಷ್ಯ ಅಂದ್ಮೇಲೆ ತಪ್ಪು ಆಗುತ್ತೆ. ಕ್ಷಮಿಸ್ಬಿಟ್ವಿ."

"ಅಪ್ಪ ಎಲ್ಲಿಗೆ ಬಂದ್ರು?"

"ಅಯ್ಯೋ, ನಿಂಗೊತ್ತಿಲ್ವಾ? ಗುರುವಾರ. ತಂಬುವಾ ತಂದಿದ್ರು."

ತಂಬುವಾ. ತಿಮಿಂಗಿಲದ ಹಲ್ಲು. ಮುತ್ತಜ್ಜನ ಕಾಲದಿಂದ ಅಪ್ಪನ ಪೆಟ್ಟಿಗೆಯಲ್ಲಿದ್ದದ್ದು. ಹೆಣ್ಣು ಕೇಳುವಾಗ, ಸಾವಾದಾಗ, ರಕ್ತ ಹರಿದು ಕಾಲಿಗೆ ಬೀಳಬೇಕಾದಾಗ ಹೊರಬರುವ ವಸ್ತು. ಅವಳ ಫೋನಿನಲ್ಲಿ ಫೋಟೋ ಇತ್ತು. ಮಾವನ ಮನೆಯ ಚಾಪೆ, ಅಪ್ಪ ತಲೆ ಬಗ್ಗಿಸಿ ಕೂತಿದ್ದಾರೆ, ಎರಡೂ ಕೈಯಲ್ಲಿ ಹಲ್ಲು. ಪಕ್ಕದಲ್ಲಿ ನಮ್ಮ ದೊಡ್ಡಪ್ಪ ಚಿಕ್ಕಪ್ಪಂದಿರು. ಎಲ್ಲರಿಗೂ ಗೊತ್ತಿತ್ತು, ನನಗೊಬ್ಬನಿಗೆ ಬಿಟ್ಟು.

ಬಾಟಲಿ ಎಸೆದ ಕೈ ನನ್ನನ್ನು ಕ್ಷಮಿಸಿತು. ಮೀನು ಹಿಡಿದುಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ. ಬಸ್ಸು ಬಂತು, ಹೋಯಿತು.

ಜುಲೈ 28, ಭಾನುವಾರ

ಅಪ್ಪನ ಮನೆಯಲ್ಲಿ ಊಟ. ಮರಗೆಣಸು, ತೆಂಗಿನ ಹಾಲಿನಲ್ಲಿ ಬೆಂದ ಮೀನು. ಅಮ್ಮ ಹೊಸ ಬಟ್ಟೆ ತೊಟ್ಟು ಓಡಾಡುತ್ತಿದ್ದಳು. ಸಂಜೆ ತವರಿಗೆ ಹೋಗುತ್ತಾಳಂತೆ.

"ಯಾರನ್ನ ಕೇಳಿ ಹೋದ್ರಿ ಅಪ್ಪಾ?"

"ನಿನ್ನನ್ನ ಕೇಳ್ಬೇಕಿತ್ತಾ? ನಾನು ನಿಂಗೆ ಅಪ್ಪನೋ, ನೀನು ನಂಗೆ ಅಪ್ಪನೋ?"

"ಅಲ್ಲಿ ಏನಂತ ಹೇಳಿದ್ರಿ?"

"ಹುಡುಗ ತಪ್ಪು ನೋಡ್ಬಿಟ್ಟ, ಮನಸ್ಸಲ್ಲಿ ಇಟ್ಕೋಬೇಡಿ ಅಂದೆ."

"ನಾನು ತಪ್ಪು ನೋಡಿಲ್ಲ."

"ತಪ್ಪು ಮಾಡಿದವ್ರೇ ಬಂದು ಕ್ಷಮೆ ಕೇಳ್ಬೇಕು ಅಂತಿದ್ರೆ, ಈ ದ್ವೀಪದಲ್ಲಿ ಯಾರೂ ಯಾರ ಮನೆಗೂ ಹೋಗ್ತಿರ್ಲಿಲ್ಲ. ನಿಮ್ಮಮ್ಮ ತವರಿಗೆ ಹೋಗ್ಬೇಕು. ಅಷ್ಟೇ."

"ಒಂದೇ ಒಂದ್ ಸಲ ನನ್ನ ಕೇಳ್ಬಹುದಿತ್ತಲ್ಲ, ಅಲ್ಲಿ ಏನಾಯ್ತು ಅಂತ."

"ಊಟ ಮಾಡು. ಮೀನು ಆರ್ತಿದೆ."

ಅಮ್ಮ ದೊಡ್ಡ ತುಂಡು ನನ್ನ ತಟ್ಟೆಗೆ ಹಾಕಿದಳು. ಅವಳ ಮುಖದಲ್ಲಿ ಅಂಥ ಬೆಳಕು ನೋಡಿ ತುತ್ತು ಬಾಯಿಗಿಟ್ಟೆ. ಸಾವಿರ ಜನ ಬೈದರು, ತಡೆದುಕೊಂಡೆ. ಅವರು ಹೊರಗಿನವರು. ಇದು ನನ್ನ ಮನೆ. ಊಟ ಮುಗಿಸಿ ಹೊರಗೆ ಬಂದು ಗೋಡೆಗೆ ಒರಗಿ ನಿಂತೆ. ಲವೇನಿಯ ಕೈ ಹಿಡಿದುಕೊಂಡಳು.

ಜುಲೈ 30, ಮಂಗಳವಾರ

ಪೆನಾಯ ಖುದ್ದಾಗಿ ಗೋಡೌನಿಗೆ ಬಂದರು. ಸಿಮೆಂಟ್ ಚೀಲದ ಮೇಲೆ ಕೂತರು. ಫೈನಲ್ ಬೇರೆಯವರಿಗೆ.

"ನಾನು ಕೊನೇವರೆಗೂ ನಿನ್ನ ಪರ ನಿಂತಿದ್ದೆ. ಜನ ಬಾಟ್ಲಿ ಎಸೆದ್ರೆ ನಾನು ಎದೆ ಕೊಡಬಲ್ಲೆ. ನಿಮ್ಮಪ್ಪನೇ ತಂಬುವಾ ಕೊಟ್ಟು ಒಪ್ಕೊಂಡ್ಮೇಲೆ ಕಮಿಟಿ ಮುಂದೆ ಏನು ಹೇಳ್ಲಿ?"

"ಒಪ್ಕೊಂಡದ್ದು ಅಪ್ಪ. ನಾನಲ್ಲ."

"ಹಾಗಂತ ಬರ್ದು ಕೊಡ್ತೀಯಾ? ನಿಮ್ಮಪ್ಪ ಸುಳ್ಳು ಹೇಳಿ ಹಲ್ಲು ಕೊಟ್ರು ಅಂತ?"

ಅವರಿಗೂ ಉತ್ತರ ಗೊತ್ತಿತ್ತು. ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡು ಹೋದರು.

ಆಗಸ್ಟ್ 3, ಶನಿವಾರ

ಫೈನಲ್. ಊರೆಲ್ಲ ಖಾಲಿ. ನಾನು ಗೋಡೌನಿನಲ್ಲಿ ಮೊಳೆ ತೂಗುತ್ತಿದ್ದೆ. ಸಾಕೆಯಾಸಿ ಬಂದ. ಕೈಯಲ್ಲಿ ಒಣ ಯಂಗೋನ ಬೇರಿನ ಪೊಟ್ಟಣ, ಅರೆದು ನೀರಲ್ಲಿ ಕಲಸಿ ಕೂತು ಕುಡಿಯೋಣ ಎಂದು.

"ಭಾವ, ಜಾರಿತ್ತು."

ನಾನು ಮೊಳೆ ತೂಗುತ್ತಲೇ ಇದ್ದೆ.

"ಕೈ ಬೆವ್ತಿತ್ತು. ಚೆಂಡು ಸೋಪಿನ ಥರ ಹೋಯ್ತು. ನಿನ್ ಕಣ್ಣು ಕಣ್ಣಲ್ಲಪ್ಪ, ಹದ್ದು."

"ಮಾವಂಗೆ ಗೊತ್ತಾ?"

"ಅವತ್ ಸಂಜೇನೇ ಹೇಳಿದೆ. ಬಾಯ್ಮುಚ್ಚು ಅಂದ್ರು. ಇನ್ನೊಂದ್ ವಾರ ಬೈದು ಎಲ್ರೂ ಮರೀತಿದ್ರು ಭಾವ, ಆಣೆ ಮಾಡಿ ಹೇಳ್ತೀನಿ. ಅಷ್ಟ್ರಲ್ಲಿ ನಿಮ್ಮಪ್ಪ ಬಂದು ಚಾಪೆ ಮೇಲೆ ಕೂತ್ಬಿಟ್ರು. ಬಂದ ಹಲ್ಲನ್ನ ಬೇಡ ಅನ್ನೋಕಾಗುತ್ತಾ? ನಾನೂ ಅಲ್ಲೇ ಕೂತಿದ್ದೆ, ನೆಲ ನೋಡ್ತಾ."

"ಈಗ ಹೋಗಿ ಎಲ್ರ ಮುಂದೆ ಹೇಳು."

"ಜಗಳ ಮಣ್ ಮಾಡಿ ಆಯ್ತಲ್ಲ. ಇನ್ನು ಅಗೆದ್ರೆ ನಿಮ್ಮಪ್ಪಂಗೂ ಅವಮಾನ, ನಮ್ಮಪ್ಪಂಗೂ ಅವಮಾನ." ಆಮೇಲೆ ನಗಲು ನೋಡಿದ. "ನಿಂಗೆ ಹೇಳಿದ್ನಲ್ಲ. ಅದಕ್ಕೆ ಬಂದೆ."

ತನ್ನ ಎದೆಯ ಭಾರ ಇಳಿಸಿಕೊಂಡು ಹೋದ. ಬೇರು ಇಲ್ಲೇ ಬಿಟ್ಟಿದ್ದಾನೆ. ಮಾವನಿಗೆ ಗೊತ್ತಿತ್ತು. ಗೊತ್ತಿದ್ದೂ ಅಪ್ಪನ ಕೈಯಿಂದ ಹಲ್ಲು ತೆಗೆದುಕೊಂಡ. ಲವೇನಿಯಳಿಗೆ ಇದನ್ನು ಹೇಳಿಲ್ಲ. ಹೇಳಿದರೆ ಅವಳು ಇವತ್ತೇ ವಾಯ್ತುಲುವಿಗೆ ಹೋಗಿ ಬೀದಿಯಲ್ಲಿ ನಿಂತು ಕೂಗುತ್ತಾಳೆ.

ಆಗಸ್ಟ್ 18, ಭಾನುವಾರ, ಮಧ್ಯಾಹ್ನ

ಅಪ್ಪ ಮನೆಗೆ ಬಂದಿದ್ದಾರೆ. ಒಬ್ಬರೇ. ಊಟವಾದ ಮೇಲೆ ಜಗಲಿಯ ಚಾಪೆಯಲ್ಲಿ ಕೂತರು. ಆಮೇಲೆ —

"ವಾಯ್ತುಲು ಹುಡುಗ್ರು ಕುಡ್ದಾಗ ಏನೋ ಹೇಳ್ತಿದ್ದಾರಂತೆ. ಚೆಂಡು ಜಾರಿತ್ತು ಅಂತ. ನಿಜ ಹೇಳು ಮಗಾ. ಆ ಹುಡುಗ ಚೆಂಡು ಒತ್ತಿದ್ನೋ, ಇಲ್ವೋ?"

ಇಷ್ಟು ದಿನ ಕಾದ ಪ್ರಶ್ನೆ. ಅಪ್ಪನ ಕೆನ್ನೆ ಒಳಗೆ ಹೋಗಿದೆ. ಇಲ್ಲ ಎಂದರೆ ಆ ಚಾಪೆ, ಬಗ್ಗಿಸಿದ ತಲೆ, ಮುತ್ತಜ್ಜನ ಹಲ್ಲು ಎಲ್ಲವೂ ನೀರಿಗೆ. ಈ ವಯಸ್ಸಿನಲ್ಲಿ ಇವರು ಊರ ಬಾಯಲ್ಲಿ ನಗೆಪಾಟಲು. ನನ್ನ ಕೈಲಾಗಲಿಲ್ಲ.

"ಒತ್ತಿದ್ದ ಅಪ್ಪಾ. ಟ್ರೈ ಆಗಿತ್ತು. ನಾನೇ ತಪ್ಪು ನೋಡಿದೆ."

ಅಪ್ಪ ದೊಡ್ಡದಾಗಿ ಉಸಿರು ಬಿಟ್ಟರು. "ಹೂಂ. ನಂಗವತ್ತೇ ಗೊತ್ತಿತ್ತು. ಚಿಕ್ಕಂದಿನಿಂದ್ಲೂ ಹಂಗೇ ನೀನು, ದುಡುಕು." ನನ್ನ ಬೆನ್ನು ತಟ್ಟಿದರು, ಇನ್ನೊಂದು ಲೋಟ ಚಹಾ ಕೇಳಿ ಕುಡಿದು ಅಲ್ಲೇ ಮಲಗಿದರು.

ಅವತ್ತೇ ಗೊತ್ತಿತ್ತಂತೆ. ನಾನು ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ, ಸುಮ್ಮನೆ ಕೂರಲು ಆಗುತ್ತಿಲ್ಲ.

ಲವೇನಿಯ ಬಾಗಿಲಲ್ಲಿ ಬಂದು ನಿಂತಿದ್ದಾಳೆ. ಪಾತ್ರೆ ತೊಳೆದ ಕೈ ಒರೆಸಿಕೊಂಡಿಲ್ಲ. ಎಲ್ಲ ಕೇಳಿಸಿಕೊಂಡಿದ್ದಾಳೆ. "ಟ್ರೈ ಆಗಿತ್ತಾ? ಹಾಗಾದ್ರೆ ಇಷ್ಟು ದಿನ ನಂಗೂ ಸುಳ್ಳು ಹೇಳಿದ್ಯಾ?" ಅನ್ನುತ್ತಿದ್ದಾಳೆ. ಮೆಲ್ಲಗೆ ಹೇಳೋಣವೆಂದರೆ ನಡುವೆ ಹಲಗೆಯ ಗೋಡೆ, ಆಚೆ ಅಪ್ಪನ ಗೊರಕೆ ನಿಂತಿದೆ, ಎಚ್ಚರವಾದರೇನೋ. ಅವಳು ಮತ್ತೆ ಕೇಳುತ್ತಿದ್ದಾಳೆ. ನಾನು —