ಕೊಣನೂರು ಸಂತೆಯಲ್ಲಿ ಕೈಗವಸು

ಹಾಸನ, ೧೬-೧೧-೨೦೨೪. ವಿಶ್ವವಿದ್ಯಾಲಯದ ಗ್ರಂಥಾಲಯ, ಊಟದ ಬಿಡುವು.

ದೊಡ್ಡಪ್ಪನವರಿಗೆ ನಮಸ್ಕಾರ.

ಜಿಲ್ಲೆಯ ಲೇಖಕರ ಉತ್ಸವದಲ್ಲಿ ಇಂದು ನಿಮ್ಮ ಕತೆ ಓದಿದರು. ‘ಅಪ್ಪಟ ನಮ್ಮ ಮಣ್ಣಿನದು’ ಎಂದು ಅಧ್ಯಕ್ಷರು ಹೊಗಳಿದರು. ಆಗ ಅರಕಲಗೂಡಿನ ಹಿರಿಯರೊಬ್ಬರು ಎದ್ದು ನಿಂತು, “ಅಲ್ಲ ಸಾ, ಕೊಣನೂರು ಸಂತೇಲಿ ಎತ್ತು ಮಾರೋನು ಉಣ್ಣೆ ಗ್ಲೌಸು ಯಾಕೆ ಬಿಚ್ತಾನೆ? ಆಕ್ಕಂಡಿದ್ದಾದ್ರೂ ಯಾಕೆ?” ಎಂದರು.

ಆ ರಷ್ಯನ್ ಕತೆಯನ್ನು ನಾನು ಇಂಗ್ಲಿಷಿನಲ್ಲಿ ಎರಡು ಸಲ ಓದಿದ್ದೇನೆ. ಹಿಮವನ್ನು ಮಂಜು ಮಾಡಿದಿರಿ, ಕುದುರೆಯನ್ನು ಎತ್ತು ಮಾಡಿದಿರಿ; ಕೈಗವಸು ಮಾತ್ರ ಮರೆತಿರಿ.

ನಿಮ್ಮ ಮಂಡಿನೋವಿಗೆ ಎಣ್ಣೆ ಕೊಂಡಿದ್ದೇನೆ, ಬಿಸಿ ಮಾಡಿ ಹಚ್ಚಬೇಕಂತೆ. ಅಂಚೆಯ ಪರಮೇಶಣ್ಣ ಕಾರ್ಡನ್ನು ಓದಿಯೇ ಕೊಡುತ್ತಾರೆ, ಅವರಿಗೂ ನಮಸ್ಕಾರ.

ನಾಳೆ ನಿಮ್ಮ ಪರವಾಗಿ ಶಾಲು ತೆಗೆದುಕೊಳ್ಳುವಾಗ, ‘ದೊಡ್ಡಪ್ಪನವರ ಅನುವಾದ ಸೊಗಸಾಗಿದೆ’ ಎಂದು ಮೈಕಿನಲ್ಲಿ ಹೇಳುವುದೆಂದು ತೀರ್ಮಾನಿಸಿದ್ದೇನೆ.

ನೀಲಾಂಬಿಕೆ