ಚಕ್ರಕ್ಕೆ ಕಟ್ಟಿದ ಕೆಂಪು ದಾರ

ರೀ ರಾಂಗೆಲ್,

ನಾನು ಮೊದಲ ಬಸ್ಸಿಗೆ ಆಸ್ಪತ್ರೆಗೆ ಹೊರಟೆ. ಮಗಳನ್ನೂ ಅವಳ ಕೂಸನ್ನೂ ಮನೆಗೆ ಕರೆತರಲು ಮಧ್ಯಾಹ್ನ ನೀವು ಕಾರು ತನ್ನಿ. ಗಡ್ಡ ಬೋಳಿಸಿಕೊಂಡು ಬನ್ನಿ!

ಮುಂದಿನ ಚಕ್ರ ಯಾಕೆ ಅಲುಗಾಡುತ್ತಿತ್ತು ಗೊತ್ತಾ? ನಿನ್ನೆ ನನ್ನ ಗ್ಯಾರೇಜಿನಲ್ಲಿ ಬಿಚ್ಚಿ ನೋಡಿದೆ. ವಸಂತದ ವಾಡಿಕೆಯಂತೆ ಮಾರ್ಚ್ ಒಂದಕ್ಕೆ ನಮ್ಮೆಲ್ಲರ ಕೈಗೂ ಕೆಂಪು-ಬಿಳಿ ದಾರ ಕಟ್ಟಿದ ನಿಮ್ಮಮ್ಮ ಕಾರನ್ನೂ ಬಿಟ್ಟಿಲ್ಲ. ನೀವು ಟೈರು ಬದಲಿಸುವಾಗ ಬೋಲ್ಟಿಗೆ ದಾರ ಸುತ್ತಿದ್ದಾರೆ, ನೀವು ನೋಡದೆ ಅದರ ಮೇಲೇ ನಟ್ಟು ತಿರುಗಿಸಿದ್ದೀರಿ. ಅದು ಪೂರ್ತಿ ಕೂತೇ ಇರಲಿಲ್ಲ. ಕೇಳಿದರೆ, "ಅದಕ್ಕೂ ದೃಷ್ಟಿ ಆಗಬಾರದಲ್ಲೇ ಇಸ್ಕ್ರಾ" ಅಂತಾರೆ! ಬೈಯಬೇಡಿ. ದಾರವನ್ನು ಒಳಗಿನ ಕನ್ನಡಿಗೆ ಕಟ್ಟಿದ್ದೇನೆ.

ಊಳಿಡುತ್ತಿದ್ದ ಬೇರಿಂಗ್ ಬದಲಿಸಿದೆ, ಇನ್ನು ರೇಡಿಯೋ ಜೋರು ಮಾಡಬೇಕಿಲ್ಲ. ನಟ್ಟುಗಳನ್ನೆಲ್ಲ ನಾನೇ ಬಿಗಿದಿದ್ದೇನೆ. ಆದರೂ ದಾರಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಇನ್ನೊಮ್ಮೆ ಬಿಗಿ ನೋಡಿ. ಸೋಮಾರಿತನ ಬೇಡ, ಕೂಸು ಕೂರುವ ಕಾರು.

ಅಲೈನ್‌ಮೆಂಟೂ ಮಾಡಿದೆ. ಕಾರು ಇನ್ನು ತಾನಾಗಿ ಎಡಕ್ಕೆ ಎಳೆಯುವುದಿಲ್ಲ. ಎಡಬದಿಯ ಮಿತ್ಕೋನ ಹೆಂಡದಂಗಡಿ ಮುಂದೆ ನಿಂತರೆ ತಪ್ಪು ಚಕ್ರದ್ದಲ್ಲ, ನಿಮ್ಮದೇ.

ಅತ್ತೆಯನ್ನೂ ಕರೆತನ್ನಿ. ಕೂಸಿಗೆ ಅವರ ಹೆಸರನ್ನೇ ಇಡುತ್ತಾಳಂತೆ ಮಗಳು, ಈಗಲೇ ಬಾಯಿಬಿಡಬೇಡಿ. ಇನ್ನೊಂದು ದಾರ ತರಲು ಮಾತ್ರ ಹೇಳಿ. ಈ ಸಲ ಕಟ್ಟುವುದಕ್ಕೆ ಪುಟ್ಟದೊಂದು ಕೈ ಬಂದಿದೆ.

ಇಸ್ಕ್ರಾ