ಹಾಜರಿ ಸಾಲ್ಯಾಗ, ಹುಡುಗಿ ಮನ್ಯಾಗ

ಭಾಲ್ಕಿ
14 ಡಿಸೆಂಬರ್ 2025, ಆಯಿತವಾರ

ಪ್ರೀತಿಯ ಅತ್ತಿಯವರಿಗೆ,

ನಿಮ್ಮ ಸೊಸಿ ಮಹಾಮಾಯಾ ಮಾಡುವ ಜೈಭೀಮ. ಕಣ್ಣು ಈಗ ಹ್ಯಾಂಗ ಅದಾವ್ರಿ? ಮೋತಿಬಿಂದಿನ ಪೊರಿ ತೆಗಿಸಿದ ಮ್ಯಾಲ ಸಣ್ಣ ಅಕ್ಷರನೂ ಕಾಣಲಾಕತ್ಯಾವ, ದಿನಾ ಪೇಪರ್ ಓದ್ತೀರಿ ಅಂತ ಮಾಣಿಕ ಭಾವ ಹೇಳಿದ್ರು. ಅದಕ್ಕೇ ಫೋನ್ ಬಿಟ್ಟು ಪತ್ರಾ ಬರೀಲಾಕತ್ತೀನಿ. ಫೋನಿನ್ಯಾಗ ನಿಮಗ ಏನೂ ಕೇಳಸಂಗಿಲ್ಲ. ನಾ ಒದರೂದು, ನೀವು ಹಾಂ ಹಾಂ ಅನ್ನೂದು, ಅಷ್ಟರಾಗ ಓಣಿ ಮಂದಿಗೆಲ್ಲಾ ನಮ್ಮ ಮನಿ ಸುದ್ದಿ ಗೊತ್ತಾಗಿರ್ತದ. ಡಾಕ್ಟರ್ ಕೊಟ್ಟ ಹನಿ ಔಷಧಿ ತಪ್ಪದ ಹಾಕ್ಕೋರಿ, ಒಲಿ ಮುಂದ ಕೂಡಬ್ಯಾಡ್ರಿ. ಈ ವರ್ಷ ಥಂಡಿ ಭಾಳ ಅದ, ಕಿವಿಗಿ ಕಟ್ಕೊಂಡೇ ಹೊರಗ ಹೋಗ್ರಿ. ನಿಮ್ಮ ಮಗ ಆರಾಮ ಇದ್ದಾರ. ಬಸ್ ಡೆಪೋದಾಗ ಅವರಿಗೆ ಮತ್ತ ರಾತ್ರಿ ಪಾಳಿ ಹಚ್ಯಾರ, ಮುಂಜಾನಿ ಬಂದು ಗ್ರೀಸ್ ಕೈಲೇ ಚಾ ಕೇಳ್ತಾರ.

ಪಾಲಿನೂ ಆರಾಮ ಇದ್ದಾಳ ಅಂತ ಬರದು ಮುಗಿಸಬೇಕಂತ ಮಾಡಿದ್ದೆ. ಆದ್ರ ನಿಮಗ ಸುಳ್ಳು ಬರೀಲಾಕ ಕೈ ಬರವಲ್ದು. ನಿಮ್ಮ ಮೊಮ್ಮಗಳನ್ನ ಸಾಲಿ ಬಿಡಿಸ್ಯಾರ್ರಿ ಅತ್ತಿ. ಜೂನ್‌ದಾಗೇ ಬಿಡಿಸ್ಯಾರ. ನೀವು ಬ್ಯಾಸಗ್ಯಾಗ ಔರಾದಕ್ಕ ಭಾವನ ಮನಿಗಿ ಹೋದ್ರಿ, ಶುಗರ್ ಇಳೀಲಿಲ್ಲಂತ ಆಪರೇಷನ್ ಮುಂದ ಮುಂದ ಹೋತು, ಆಮ್ಯಾಲ ಆಪರೇಷನ್ ಆದ ಕಣ್ಣಾಗ ನೀರು ಬರಬಾರದು ಅಂತ ನಿಮ್ಮ ಮಗ ನನ್ನ ಬಾಯಿ ಮುಚ್ಚಿಸಿದ್ರು. ಬಿಡಿಸ್ಯಾರ ಅಂದ್ರ ಸಾಲಿಯವರಿಗೆ ಸಿಟ್ಟು ಬರ್ತದ. ಗೃಹಾಧಾರಿತ ಶಿಕ್ಷಣ ಅನ್ನಬೇಕಂತ. ಅಂಗವಿಕಲ ಮಕ್ಕಳಿಗೆ ಸರ್ಕಾರ ಮಾಡಿದ ಯೋಜನಾ ಅಂತ, ಮಾಸ್ತರೇ ಮನಿಗಿ ಬಂದು ಕಲಿಸ್ತಾರಂತ. ಹಾಸಗಿ ಬಿಟ್ಟು ಏಳಲಾರದ ಮಕ್ಕಳಿಗೆ ಅದು ಪುಣ್ಯದ ಕೆಲಸ, ನಾ ಇಲ್ಲ ಅನ್ನಂಗಿಲ್ಲ. ಆದ್ರ ನಮ್ಮ ಪಾಲಿಗೆ ಕಾಲಿನ ದೋಷ ಅದ, ಬ್ಯಾರೇನದ? ಐದು ವರ್ಷ ನೀವೇ ಮೂರುಗಾಲಿ ಸೈಕಲ್ ನೂಕ್ಕೊಂಡು ಹೋಗಿ ಸಾಲಿ ಬಾಗಲದಾಗ ಇಳಿಸಿ ಬಂದೀರಿ. ಅಕಿ ಗೆಳತಿ ಸಿದ್ದೇಶ್ವರಿ ಬಂದು ಕೈ ಹಿಡದ್ರ ಬೆಂಚಿನ ತನಕ ತಾನೇ ಹೋಗ್ತಿದ್ಲು.

ಐದನೇ ಕ್ಲಾಸಿನ ತನಕ ತಳಗಿನ ಖೋಲಿ ಇತ್ತು, ಆರನೇ ಕ್ಲಾಸ್ ಮೆಟ್ಲ ಹತ್ತಿ ಮಾಳಗಿ ಮ್ಯಾಲ. ತಕರಾರು ಇಷ್ಟೇ ನೋಡ್ರಿ. ಆರನೇ ಕ್ಲಾಸ್ ತಳಗ ತರ್ರಿ ಅಂತ ಹೆಡ್ ಮಾಸ್ತರ್ ಮಡೆಪ್ಪನವರಿಗೆ ಕೈ ಮುಗದೆ. ತಳಗಿನ ಖೋಲ್ಯಾಗ ಈ ವರ್ಷ ಇಂಗ್ಲಿಷ್ ಮೀಡಿಯಂ ಒಂದನೇ ಕ್ಲಾಸ್ ಸುರು ಆಗ್ಯದ, ಗ್ವಾಡಿಗಿ ಆನಿ ನವಿಲು ಬರಿಸ್ಯಾರ, ಟಿವಿ ಹಚ್ಯಾರ, ಅದನ್ನ ಮ್ಯಾಲ ಒಯ್ಯಲಾಕ ಬರಂಗಿಲ್ಲ ಅಂದ್ರು. ಸಣ್ಣ ಹುಡುಗ್ರು ಮೆಟ್ಲದಾಗ ಬೀಳ್ತಾವ ಅಂದ್ರು. ನನ್ನ ಮಗಳು ಬಿದ್ರ ನಡೀತದೇನ್ರಿ ಅಂದೆ. ಅದಕ್ಕೇ ಮನ್ಯಾಗ ಇರ್ಲಿ ಅನ್ನೂದವ್ವಾ ಅಂದ್ರು. ಅವರ ಬಾಯಿಗಿ ಮಾತು ನಾನೇ ಕೊಟ್ಟಂಗಾತು. ನಿಮ್ಮ ಮಗ ಸುಮ್ನ ಕೂಡಲಿಲ್ಲ, ರಾತ್ರಿ ಪಾಳಿ ಮುಗಿಸ್ಕೊಂಡು ಬಂದು ಪಾಲಿಗೆ ಎತ್ಕೊಂಡು ಮ್ಯಾಲ ಒಯ್ದು ಕೂಡಿಸಿ ಬಂದ್ರು. ಎರಡನೇ ದಿನ ಸಾಲಿಯವರು ಮೆಟ್ಲದಾಗೇ ತಡದ್ರಂತ, ಕಾಲು ಜಾರಿದ್ರ ನಮ್ಮ ಕೊರಳಿಗಿ ಬರ್ತದ ಅಂತ. ಅಪ್ಪ ಎತ್ಕೊಂಡ ಮಗಳ ಜವಾಬ್ದಾರಿ ಅವರಿಗೆ ಆಗ ನೆನಪಾತು. ಸಾಲಿ ಮುಂದ ಗಾಲಿ ಕುರ್ಚಿಗಂತ ಸಿಮೆಂಟಿನ ಇಳಿಜಾರು ಮಾಡ್ಯಾರಲ್ಲ, ಕಂಬಿ ಹಚ್ಚಿ ನೀಲಿ ಬಣ್ಣ ಹೊಡದು? ಅದರ ಮ್ಯಾಲ ಹೋದ್ರ ಆಫೀಸ್ ಖೋಲಿ ಬರ್ತದ. ಮಡೆಪ್ಪ ಮಾಸ್ತರ ಮೋಟಾರ್ ಸೈಕಲ್ ಒಳಗ ಏರಿಸಲಾಕ ಛಲೋ ಅನುಕೂಲ ಆಗ್ಯದ.

ಪಾಲಿ ಹೆಸರು ಮಾತ್ರ ಸಾಲಿ ಬಿಟ್ಟಿಲ್ರಿ. ದಿನಾ ಹಾಜರಿ ಬೀಳ್ತದ. ಹಾಜರಿ ಸಾಲ್ಯಾಗ, ಹುಡುಗಿ ಮನ್ಯಾಗ, ಇಂಥಾ ಇಂತಜಾಮ ಸರ್ಕಾರಕ್ಕಷ್ಟೇ ಹೊಳೀತದ. ಮನಿಗಿ ಕಲಿಸಲಾಕ ಬರೋರು ಮಚ್ಛೇಂದ್ರ ಸರ್. ಪಾಪ, ಒಳ್ಳೆ ಮನಷಾ. ಅರ್ಧ ತಾಲೂಕಿನ ಮಕ್ಕಳು ಅವರೊಬ್ಬರ ತಲಿ ಮ್ಯಾಲ. ಬಂದ ಕೂಡಲೇ ಪಾಲಿ ಬಾಜೂಕ ಕುಂತು ಮೊಬೈಲಿನ್ಯಾಗ ಫೋಟೋ ಹೊಡೀತಾರ, ಫೋಟೋದಾಗ ಜಾಗಾ ಟೈಮು ಬೀಳಬೇಕಂತ, ಇಲ್ಲಾಂದ್ರ ಬಂದಿಲ್ಲ ಅಂತ ಬರ್ಕೋತಾರಂತ. ನೆಟ್ ಹತ್ತಲಿಲ್ಲಂದ್ರ ಅಂಗಳದಾಗ ನಿಂತು ಮೊಬೈಲ್ ಮ್ಯಾಲ ಹಿಡದು ಪರೇಶಾನ್ ಆಗ್ತಾರ. ಫೋಟೋ ಹೋಗೂದ್ರಾಗ ಮುಂದಿನ ಮನಿಗಿ ಹೋಗೋ ಹೊತ್ತಾಗಿರ್ತದ. ಕಲಿಸೋ ಕೆಲಸ ನನಗೇ ಬಂದದ. ನಾ ಪಿಯುಸಿ ಓದಿದ್ದು ಯಾವ ಕೆಲಸಕ್ಕ ಅಂತ ನೀವು ಒಮ್ಮೊಮ್ಮೆ ಛೇಡಿಸ್ತಿದ್ರಿ, ಈಗ ಬಂದು ನೋಡ್ರಿ. ರೊಟ್ಟಿ ಬಡೀತಾ ಭಿನ್ನರಾಶಿ ಹೇಳ್ತೇನಿ, ಅಕ್ಕಿ ಆರಿಸ್ತಾ ಇಂಗ್ಲಿಷ್ ಪಾಠ ಓದಿಸ್ತೇನಿ.

ಹುಡುಗಿ ಕಲೀತಾಳ. ಆದ್ರ ನಗೂದು ಕಡಿಮಿ ಮಾಡ್ಯಾಳ. ಮುಂಜಾನಿ ಸಾಲಿ ಪ್ರಾರ್ಥನಾ ಮೈಕಿನ್ಯಾಗ ಕೇಳಿತಂದ್ರ ಗ್ವಾಡಿಗಿ ಆತು ಕುಂತಾಕಿ ನೆಟ್ಟಗಾಗಿ ಕುಂಡ್ರತಾಳ. ಸುರುವಿಗೆ ಸಿದ್ದೇಶ್ವರಿ ದಿನಾ ಸಂಜಿಗಿ ಬಂದು ಸಾಲಿ ಸುದ್ದಿ ಎಲ್ಲಾ ಹೇಳ್ತಿದ್ಲು, ಯಾರು ಯಾರ ಜೋಡಿ ಮಾತು ಬಿಟ್ಟಾರ, ವಿಜ್ಞಾನದ ಸರ್ ಏನ್ ತೋರಿಸಿದ್ರು ಅಂತ. ಈಗ ಅಕಿ ಬಾಜೂಕ ಬ್ಯಾರೆ ಹುಡುಗಿ ಕೂಡ್ತಾಳ. ಬರೂದು ಕಡಿಮಿ ಆಗ್ಯದ. ಸಣ್ಣ ಹುಡುಗಿ, ಅಕಿಗಿ ಏನನ್ನೂದು. ನನಗೇ ಸಿಟ್ಟು ಬರ್ತದ, ಯಾರ ಮ್ಯಾಲ ತೆಗೀಲಿ ತಿಳೀದ ತೊಳಿಯೋ ಭಾಂಡಿ ಮ್ಯಾಲ ತೆಗೀತೇನಿ.

ಹೋದ ತಿಂಗಳು ಮಚ್ಛೇಂದ್ರ ಸರ್ ಹೇಳಿದ್ರು, ಮನಿಪಾಠ ಹ್ಯಾಂಗ ನಡದದ ನೋಡಲಾಕ ಬೀದರದಿಂದ ಸಾಹೇಬರು ಬರ್ತಾರ, ನಿಮ್ಮ ಮನಿಗೂ ಬರ್ತಾರ ಅಂತ. ನನ್ನ ಜೀವಕ್ಕ ಹಾಯ್ ಅನಸ್ತು. ಹುಡುಗಿ ಇಷ್ಟು ಶಾಣ್ಯಾಕಿ ಅದಾಳ ಅಂತ ಕಣ್ಣಾರೆ ನೋಡಿದ್ರ, ಇಂಥಾಕಿಗೆ ಮನ್ಯಾಗ ಯಾಕ ಕೂಡಿಸೀರಿ ಅಂತ ಅವರೇ ಹೆಡ್ ಮಾಸ್ತರಿಗೆ ಬೈದು ಹುಕುಂ ಕೊಡ್ತಾರ ಅಂತ ತಿಳದೆ. ಹಗಲು ರಾತ್ರಿ ನೋಡಲಿಲ್ಲ, ಪಾಲಿಗೆ ಹಿಂದ ಬಿದ್ದು ಓದಿಸಿದೆ. ಅಕಿನೂ ಒಮ್ಮೆ ಸಾಕು ಅನ್ನಲಿಲ್ಲ. ಸಾಹೇಬರು ಬರೋ ದಿನ ಮುಂಜಾನಿ ಮಚ್ಛೇಂದ್ರ ಸರ್ ಒಂದು ಚೀಲದ ತುಂಬ ಬಣ್ಣಬಣ್ಣದ ಆಟಿಕಿ, ಅಕ್ಷರದ ಹಲಗಿ, ರಬ್ಬರಿನ ಚೆಂಡು ತಂದು ಪಾಲಿ ಸುತ್ತ ಇಟ್ರು. ಅಂಥಾವು ನಾವು ಹಿಂದ ಎಂದೂ ಕಂಡಿದ್ದಿಲ್ಲ. ಸಾಹೇಬರು ಹೋದ ಮ್ಯಾಲ ಚೀಲಕ್ಕ ತುಂಬ್ಕೊಂಡು ಒಯ್ದ್ರು, ಮುಂದಿನ ಮನ್ಯಾಗ ಇಡಬೇಕಾಗಿತ್ತು. ಚೆಂಡು ಬಿಟ್ಟು ಹೋಗ್ರಿ ಅಂತ ಕೇಳಬೇಕಂದೆ, ಅವರ ಮಾರಿ ನೋಡಿ ಕೇಳಲಿಲ್ಲ.

ಸಾಹೇಬರು ಕೇಳಿದ್ದಕ್ಕೆಲ್ಲಾ ಪಾಲಿ ಫಟ್ ಫಟ್ ಜವಾಬು ಕೊಟ್ಲು. ಇಂಗ್ಲಿಷ್ ಪಾಠ ತಡೀದ ಓದಿದ್ಲು. ಲೆಕ್ಕದಾಗ ಸಾಹೇಬರೇ ಒಮ್ಮೆ ತಪ್ಪಿದ್ರು, ಮುಲಾಜಿಲ್ಲದ ತಿದ್ದಿದ್ಲು. ನಿನಗೇನು ಬೇಕವಾ ಅಂತ ಕೇಳಿದ್ರು. ಸಾಲಿಗಿ ಬರಬೇಕ್ರಿ, ಯಾರರೆ ಎತ್ಕೊಂಡು ಮ್ಯಾಲ ಒಯ್ದ್ರ ಸಾಕ್ರಿ, ಆಮ್ಯಾಲ ಯಾರಿಗೂ ತ್ರಾಸ ಕೊಡಂಗಿಲ್ರಿ ಅಂದ್ಲು. ಅತ್ತಿ, ನಾ ಅಡಗಿ ಖೋಲ್ಯಾಗ ಚಾ ಸೋಸ್ತಿದ್ದೆ, ಸೋಸೂದು ಬಿಟ್ಟು ಬಾಗಲಕ್ಕ ಬಂದು ನಿಂತೆ. ಸಾಹೇಬರು ಪಾಲಿ ತಲಿ ಸವರಿದ್ರು. ಜೋಡಿ ಬಂದಿದ್ದ ಮಡೆಪ್ಪ ಮಾಸ್ತರ ಕಡಿ ತಿರುಗಿ, ನೋಡ್ರಿ, ಮನ್ಯಾಗ ಕುಂತೇ ಇಷ್ಟು ಛಂದ ಕಲ್ತಾಳ, ಯೋಜನಾ ಅಂದ್ರ ಹಿಂಗ ನಡೀಬೇಕು, ಏಳನೇ ಕ್ಲಾಸಿಗೂ ಹಿಂಗೇ ಮುಂದುವರ್ಸ್ರಿ ಅಂದ್ರು. ಇಕಿದೊಂದು ವಿಡಿಯೋ ಮಾಡಿ ಬೀದರದಾಗ ಎಲ್ಲಾ ಮಾಸ್ತರಿಗೂ ತೋರಸ್ತಾರಂತ. ನನಗ ಶಾಬಾಶ್ ಅಂದ್ರು. ನಾ ಕೊಟ್ಟ ಚಾ ಕುಡದು ಜೀಪ್ ಹತ್ತಿ ಹೋದ್ರು.

ಹೋಗೋವಾಗ ಮಚ್ಛೇಂದ್ರ ಸರಿಗೆ ಬಾಗಲದಾಗ ನಿಂದ್ರಿಸಿ ಕೇಳಿದೆ. ಅಕಿಗಿ ಏನೂ ಬರದೇ ಇದ್ದಿದ್ರ ಸಾಲಿಗಿ ಕರ್ಕೋತಿದ್ರೇನ್ರಿ ಅಂದೆ. ಇಲ್ರಿ ಅಕ್ಕಾ, ಈ ಮಗು ಸಾಲಿಗಿ ತಕ್ಕುದಲ್ಲ ಅಂತ ಬರ್ಕೋತಿದ್ರು ಅಂದ್ರು. ಅಂದ್ರ ಕಲ್ತ್ರೂ ಮನಿ, ಕಲೀದಿದ್ರೂ ಮನಿ. ನಾ ಆ ಮನಷಾನ ಮ್ಯಾಲ ಒದರಿದೆ, ಆಮ್ಯಾಲ ಕೆಟ್ಟನಿಸ್ತು. ಅವರ ಕೈಯಾಗ ಏನದ, ಒಂದು ಮೊಬೈಲು, ಒಂದು ಚೀಲ. ಆದ್ರ ನನ್ನ ಹೊಟ್ಟ್ಯಾಗಿನ ಬೆಂಕಿ ಅದಕ್ಕ ಆರಂಗಿಲ್ಲ. ನಾನೇ ಕೈಯಾರೆ ಕಲಿಸಿ, ನಾನೇ ನನ್ನ ಮಗಳಿಗೆ ಮನ್ಯಾಗ ಕಟ್ಟಿ ಹಾಕಿದಂಗ ಆತಲ್ರಿ ಅತ್ತಿ.

ಒಂದೇ ಸಲಕ್ಕ ಓದಿ ಕಣ್ಣಿಗಿ ತ್ರಾಸ ಮಾಡ್ಕೋಬ್ಯಾಡ್ರಿ. ಪತ್ರಾ ಔರಾದ ಬಸ್ಸಿನ ಕಂಡಕ್ಟರ್ ಗೌಸೋದ್ದೀನ ಕೈಯಾಗ ಕೊಟ್ಟು ಕಳಸ್ತೇನಿ, ಡಬ್ಬ್ಯಾಗ ರೊಟ್ಟಿ ಜೋಡಿ ತಿನ್ನಲಾಕ ಶೇಂಗಾ ಹಿಂಡಿ ಇಟ್ಟೀನಿ, ಖಾರ ಕಮ್ಮಿ ಹಾಕೀನಿ. ಭಾವಗೂ ಅಕ್ಕಗೂ ನನ್ನ ಜೈಭೀಮ ಹೇಳ್ರಿ. ನಿಮ್ಮ ಕೈ ಪಾಲಿ ತಲಿ ಮ್ಯಾಲ ಸದಾ ಇರ್ಲಿ.

ನಿಮ್ಮ ಸೊಸಿ,
ಮಹಾಮಾಯಾ

ತಾ.ಕ.: ಬಸ್ಸಿಗಿ ಹೊತ್ತಾಗ್ಯದ, ಆದ್ರ ಇದನ್ನ ಹೇಳಲಾಕೇ ಇಷ್ಟೆಲ್ಲಾ ಬರದೀನಿ. ಇಪ್ಪತ್ತೆರಡನೇ ತಾರೀಖಿಗಿ ವಿಡಿಯೋ ಮಾಡೋರು ಬರ್ತಾರ, ಸಾಹೇಬರೂ ಬರ್ತಾರ. ಪಾಲಿ ಹೇಳ್ಯಾಳ, ಈ ಸಲ ಏನ್ ಕೇಳಿದ್ರೂ ನನಗ ಬರಂಗಿಲ್ಲ ಅಂತೇನಿ ಅವ್ವಾ, ಮನ್ಯಾಗ ಏನೂ ಕಲ್ತಿಲ್ಲ ಅಂತ ತಿಳದು ಸಾಲಿಗಿ ಕರ್ಕೋತಾರ ಅಂತ. ಮಚ್ಛೇಂದ್ರ ಸರ್ ಅಂದ ಮಾತು ಅಕಿಗಿ ಗೊತ್ತಿಲ್ಲ, ಹೇಳಲಾಕ ನನಗ ಬಾಯಿ ಬರವಲ್ದು. ಅಕಿ ಕೇಳೂದು ನಿಮ್ಮ ಮಾತೊಂದೇ, ಅಷ್ಟರೊಳಗ ಹ್ಯಾಂಗರೆ ಮಾಡಿ ಬರ್ರಿ, ಹಂಗ ಮಾಡಬ್ಯಾಡ ಅಂತ ತಿಳಿಸಿ ಹೇಳ್ರಿ. ಇವತ್ತ ಮುಂಜಾನಿ ರೊಟ್ಟಿ ಬಡಿಯೋವಾಗ ಸಹಜ ಕೇಳಿದೆ, ನಮ್ಮ ಜಿಲ್ಲಾ ಯಾವುದು ಅಂತ. ಕೈ ಕಟ್ಕೊಂಡು, ನನ್ನ ಮಾರಿ ನೋಡಿ, ಗೊತ್ತಿಲ್ರಿ ಅಂದ್ಲು. ಆಮ್ಯಾಲ ಸಣ್ಣ ದನಿಲೇ ಕೇಳಿದ್ಲು, ಛಲೋ ಅಂದೆನೇನವ್ವಾ ಅಂತ. ನಾ ಹೂಂ ಅಂದೆ.